ಷಾರ್ಡನೆ, ಪಿನೋ ನ್ವಾರ್ ಬಿಟ್ಟು ಬೇರೆ ದ್ರಾಕ್ಷಿಯಿಂದಲೂ ಸ್ಪಾರ್ಕ್ಲಿಂಗ್ ವೈನ್ (ಗುಳ್ಳೆ ಏಳುವ ವೈನ್) ಮಾಡುತ್ತಾರಾ?

ಖಂಡಿತ ಮಾಡುತ್ತಾರೆ. ಇಲ್ಲೇ ಪುಣೆಯ ಅಂಗಡಿಯಲ್ಲಿ ನಾಸಿಕ್‌ನ ಬಾಟಲಿಗಳ ಲೇಬಲ್ ಓದಿ ನೋಡಿ. ಶೆನಿನ್ ಬ್ಲಾಂ ಅನ್ನೋ ಹೆಸರು ಆಗಾಗ ಕಣ್ಣಿಗೆ ಬೀಳುತ್ತದೆ. ಇದು ಫ್ರಾನ್ಸಿನ ಲ್ವಾರ್ ಕಣಿವೆಯ ಬಿಳಿ ದ್ರಾಕ್ಷಿ.

ನಾಸಿಕ್‌ಗೆ ಅದು ಯಾಕೆ ಹೊಂದಿತು? ಗುಳ್ಳೆ ಏಳುವ ವೈನಿಗೆ ಹುಳಿಯೇ ಜೀವಾಳ. ಬಿಸಿಲು ಜಾಸ್ತಿ ಇರುವ ಕಡೆ ಹಣ್ಣಿನಲ್ಲಿ ಸಿಹಿ ಬೇಗ ಏರುತ್ತದೆ, ಹುಳಿ ಇಳಿದುಬಿಡುತ್ತದೆ. ಶೆನಿನ್ ಬ್ಲಾಂ ಬಿಸಿಲಲ್ಲೂ ಹುಳಿಯನ್ನು ಚೆನ್ನಾಗಿ ಉಳಿಸಿಕೊಳ್ಳುತ್ತದೆ. ಅದೂ ಸಾಲದು ಅಂತ ಹಣ್ಣು ಪೂರ್ತಿ ಮಾಗುವ ಮೊದಲೇ ಕೊಯ್ಯುತ್ತಾರೆ. ಷಾಂಪೇನ್ ವಿಧಾನವಾದರೆ, ತಯಾರಾದ ವೈನಿಗೆ ಸ್ವಲ್ಪ ಸಕ್ಕರೆ, ಯೀಸ್ಟ್ ಸೇರಿಸಿ ಬಾಟಲಿಯೊಳಗೇ ಇನ್ನೊಮ್ಮೆ ಹುದುಗಿಸುತ್ತಾರೆ. ಗುಳ್ಳೆ ಹುಟ್ಟುವುದು ಅಲ್ಲಿ.

ಇಟಲಿಯ ಪ್ರೊಸೆಕ್ಕೊ ಅನ್ನೋ ಸ್ಪಾರ್ಕ್ಲಿಂಗ್ ವೈನಿನಲ್ಲಿ ಕನಿಷ್ಠ ಶೇ. 85ರಷ್ಟು ಗ್ಲೆರಾ ದ್ರಾಕ್ಷಿ ಇರಬೇಕು. ಆಸ್ಟ್ರೇಲಿಯಾದವರು ಶಿರಾಜ್ ಅನ್ನೋ ಕಪ್ಪು ದ್ರಾಕ್ಷಿಯಿಂದ ಕಡುಗೆಂಪು ಸ್ಪಾರ್ಕ್ಲಿಂಗ್ ಮಾಡುತ್ತಾರೆ. ಅಷ್ಟೇ ಯಾಕೆ, ಷಾಂಪೇನ್‌ನಲ್ಲೇ ಆರ್ಬಾನ್, ಪೆಟಿ ಮೆಲಿಯೆ ಅನ್ನೋ ಅಪರೂಪದ ತಳಿಗಳಿಗೂ ಅನುಮತಿ ಇದೆ.

ಮೊದಲ ಸಲ ಅಂದ್ರೆ ನಾನು ಶೆನಿನ್ ಬ್ಲಾಂನ ಬ್ರೂಟ್ ತಗೊಳ್ಳಿ ಅಂತೀನಿ. ಬ್ರೂಟ್ ಅಂದರೆ ಸಿಹಿ ತೀರಾ ಕಡಿಮೆ. ಚೆನ್ನಾಗಿ ತಣ್ಣಗೆ ಮಾಡಿ, ನಮ್ಮ ಮಂಗಳೂರು ಕಡೆಯ ಕಾಣೆ ರವಾ ಫ್ರೈ ಜೊತೆ ಕುಡಿಯಿರಿ. ಆ ಹುಳಿ, ಮೀನಿನ ಎಣ್ಣೆ, ಖಾರ ಎಲ್ಲ ತುಂಬಾ ಚೆನ್ನಾಗಿ ಕೂಡುತ್ತವೆ.