ಹಳೆಯ ಕಥೆಗಳಿಗೆ ತಡವಾಗಿ ಬಂದ ಹ್ಯೂಗೋ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಬ್ರಾಡ್‌ಬರಿಯವರ ‘ಫ್ಯಾರನ್‌ಹೀಟ್ 451’ ಪ್ರಕಟವಾದದ್ದು 1953ರಲ್ಲಿ. ಅದಕ್ಕೆ ವೈಜ್ಞಾನಿಕ ಕಥೆಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿ 1954ರದ್ದು ಬಂತೆಂದು ಒಂದು ಕಡೆ, 2004ರಲ್ಲಿ ಬಂತೆಂದು ಇನ್ನೊಂದು ಕಡೆ ಓದಿದೆ. ಯಾವುದು ಸರಿ?

ಎರಡೂ ಸರಿ. ಹ್ಯೂಗೋ ಶುರುವಾದದ್ದು 1953ರ ಫಿಲಡೆಲ್ಫಿಯಾ ವರ್ಲ್ಡ್‌ಕಾನ್‌ನಲ್ಲಿ, ಅಂದರೆ ವೈಜ್ಞಾನಿಕ ಕಥೆಗಳ ವಿಶ್ವ ಸಮ್ಮೇಳನದಲ್ಲಿ. ಅದರ ಸದಸ್ಯರು ಮತ ಹಾಕಿ ಗೆದ್ದವರನ್ನು ಆರಿಸುತ್ತಾರೆ. ಮರುವರ್ಷ ಕೊಡಲಿಲ್ಲ, 1955ರಿಂದ ನಿಂತಿಲ್ಲ. ಹೀಗೆ ಖಾಲಿ ಉಳಿದ ವರ್ಷಗಳಿಗೆ, ಹ್ಯೂಗೋ ಶುರುವಾಗುವ ಮೊದಲಿನವೂ ಸೇರಿ, 50, 75 ಅಥವಾ 100 ವರ್ಷ ತುಂಬಿದಾಗ, ಆಗಿನ ವರ್ಲ್ಡ್‌ಕಾನ್ ಸಮಿತಿ ಮನಸ್ಸು ಮಾಡಿದರೆ ಕೊಡುತ್ತಿದ್ದದ್ದೇ ರೆಟ್ರೋ ಹ್ಯೂಗೋ. ಕಡ್ಡಾಯವೇನಿರಲಿಲ್ಲ. ಹಾಗಾಗಿ ಪ್ರತಿ ಪ್ರಶಸ್ತಿಗೂ ಮೂರು ಇಸವಿ ಅಂಟಿಕೊಂಡಿರುತ್ತದೆ: ಕೃತಿ ಬಂದದ್ದು 1953, ಪ್ರಶಸ್ತಿಯ ವರ್ಷ 1954, ಬಾಸ್ಟನ್ನಿನಲ್ಲಿ ಕೊಟ್ಟದ್ದು 2004. ಪಟ್ಟಿ ನೋಡುವಾಗ ಪ್ರಶಸ್ತಿಯ ವರ್ಷದಿಂದ ಒಂದು ಕಳೆಯಿರಿ, ಕೃತಿಯ ವರ್ಷ ಸಿಗುತ್ತದೆ. ಧಾರಾವಾಹಿಯಾದರೆ ಕೊನೆಯ ಕಂತು ಬಂದ ವರ್ಷವೇ ಲೆಕ್ಕ.

ಈವರೆಗೆ 1939, 1941, 1943, 1944, 1945, 1946, 1951 ಮತ್ತು 1954ರ ಹೆಸರಿನಲ್ಲಿ ಕೊಟ್ಟಿದ್ದಾರೆ. ಮೊದಲನೆಯದು 1996ರಲ್ಲಿ.

ಪ್ರಶ್ನೆ: ಅಸಿಮೋವ್ ಅವರ ‘ರಾಬಿ’ 1941ರ ರೆಟ್ರೋ ಗೆದ್ದಿದೆ. ‘ಐ, ರೋಬೋಟ್’ ಪುಸ್ತಕದಲ್ಲಿ ಅದನ್ನು ಓದಿದರೆ ಸಾಲದೇ?

ಸಾಲದು. ಈ ಪ್ರಶಸ್ತಿಗಳನ್ನು ಅಳೆಯುವವರು ಹೆಚ್ಚಾಗಿ ಎಡವುವುದು ಇಲ್ಲೇ. 1940ರ ಸೆಪ್ಟೆಂಬರ್‌ನ ‘ಸೂಪರ್ ಸೈನ್ಸ್ ಸ್ಟೋರೀಸ್’ ಸಂಚಿಕೆಯಲ್ಲಿ ಆ ಕಥೆ ಬಂದದ್ದು ‘ಸ್ಟ್ರೇಂಜ್ ಪ್ಲೇಫೆಲೋ’ ಎಂಬ ಹೆಸರಿನಲ್ಲಿ. 1950ರ ಪುಸ್ತಕಕ್ಕಾಗಿ ಅಸಿಮೋವ್ ಅದನ್ನು ತಿದ್ದಿದರು. ರೋಬೋಟ್ ಮನುಷ್ಯರಿಗೆ ಹಾನಿ ಮಾಡಬಾರದೆಂಬ, ಅಸಿಮೋವ್ ಅವರ ಮೂರು ರೋಬೋಟ್ ನಿಯಮಗಳಲ್ಲಿ ಮೊದಲನೆಯದರ ಪ್ರಸ್ತಾಪ ಆಗ ಸೇರಿತು. ಮೂರು ನಿಯಮಗಳು ಒಟ್ಟಾಗಿ ಮೊದಲು ಕಾಣಿಸಿದ್ದೇ 1942ರ ‘ರನ್‌ಅರೌಂಡ್’ ಕಥೆಯಲ್ಲಿ. ಪುಸ್ತಕ ಓದಿ ‘1940ರಲ್ಲೇ ನಿಯಮ ಬಂದಿತ್ತು’ ಎಂದು ಮೆಚ್ಚಿ ಮತ ಹಾಕಿದರೆ, ಆ ವರ್ಷ ಇಲ್ಲದ ಸಾಲಿಗೆ ಮತ ಹಾಕಿದಂತೆ.

‘ಫೌಂಡೇಶನ್’ ವಿಷಯದಲ್ಲೂ ಇದೇ ಎಚ್ಚರ ಬೇಕು. 1943ರ ರೆಟ್ರೋ ಗೆದ್ದದ್ದು 1942ರ ಮೇ ತಿಂಗಳ ‘ಅಸ್ಟೌಂಡಿಂಗ್’ ಪತ್ರಿಕೆಯಲ್ಲಿ ಬಂದ ನೀಳ್ಗತೆ. 1951ರ ಪುಸ್ತಕದಲ್ಲಿ ಅದು ‘ದಿ ಎನ್‌ಸೈಕ್ಲೋಪೀಡಿಸ್ಟ್ಸ್’ ಆಗಿ ಎರಡನೆಯ ಭಾಗಕ್ಕೆ ಸರಿಯಿತು. ಮೊದಲ ಭಾಗವನ್ನು ಪುಸ್ತಕಕ್ಕೆಂದೇ ಹೊಸದಾಗಿ ಬರೆದದ್ದು. ಬ್ಲಿಶ್ ಅವರ ‘ಎ ಕೇಸ್ ಆಫ್ ಕಾನ್ಶಿಯೆನ್ಸ್’ ಇನ್ನೂ ಸ್ವಾರಸ್ಯದ ಪ್ರಕರಣ: ಅದನ್ನು ಬೆಳೆಸಿದ 1958ರ ಕಾದಂಬರಿ 1959ರಲ್ಲಿ ಮಾಮೂಲಿ ಹ್ಯೂಗೋ ಪಡೆಯಿತು; ಮೂಲದ 1953ರ ಕಿರುಕಾದಂಬರಿಗೆ 2004ರಲ್ಲಿ ರೆಟ್ರೋ ಬಂತು.

ಮೊದಲು ಐಎಸ್‌ಎಫ್‌ಡಿಬಿ ಎಂಬ ವೈಜ್ಞಾನಿಕ ಕಥೆಗಳ ಅಂತರ್ಜಾಲ ಕೋಶದಲ್ಲಿ ಕಥೆಯ ಮೊದಲ ಪ್ರಕಟಣೆ ಎಲ್ಲಿ, ಯಾವ ಹೆಸರಿನಲ್ಲಿ ಎಂದು ನೋಡಿಕೊಳ್ಳಿ. ಆಮೇಲೆ ಇಂಟರ್ನೆಟ್ ಆರ್ಕೈವ್‌ನಲ್ಲಿ ಆ ಸಂಚಿಕೆಯ ಸ್ಕ್ಯಾನ್ ಹುಡುಕಿ. ಲೇಖಕರ ಹೆಸರೂ ಬೇರೆಯಿರಬಹುದು: ‘ಬಿಯಾಂಡ್ ದಿಸ್ ಹೊರೈಜನ್’ 1942ರಲ್ಲಿ ಬಂದದ್ದು ಆನ್ಸನ್ ಮ್ಯಾಕ್‌ಡೊನಾಲ್ಡ್ ಹೆಸರಿನಲ್ಲಿ. ಬರೆದವರು ಹೈನ್‌ಲೈನ್.

ಪ್ರಶ್ನೆ: ಹಳೆಯ ಪತ್ರಿಕೆಯ ಕಥೆ ಯಾವ ವಿಭಾಗಕ್ಕೆ ಸೇರುತ್ತದೆಂದು ತಿಳಿಯುವುದು ಹೇಗೆ?

ಪದ ಎಣಿಸಿ. 7,500ಕ್ಕಿಂತ ಕಡಿಮೆಯಿದ್ದರೆ ಸಣ್ಣಕಥೆ, ಅಲ್ಲಿಂದ 17,500ರವರೆಗೆ ನೀಳ್ಗತೆ, 40,000ದವರೆಗೆ ಕಿರುಕಾದಂಬರಿ, ಅದರಾಚೆ ಕಾದಂಬರಿ. ಹತ್ತು ತುಂಬಿದ ಸಾಲುಗಳ ಪದ ಎಣಿಸಿ ಸರಾಸರಿ ತೆಗೆಯಿರಿ. ಸಾಲಿಗೆ 7 ಪದ, ಕಾಲಮ್ಮಿಗೆ 44 ಸಾಲು, ಪುಟಕ್ಕೆ ಎರಡು ಕಾಲಂ ಎಂದರೆ ಪುಟಕ್ಕೆ 616 ಪದ. ಕಥೆ 13 ಪುಟವಿದ್ದರೆ 8,008, ಅಂದರೆ ನೀಳ್ಗತೆ. ಆದರೆ ಚಿತ್ರ, ಶೀರ್ಷಿಕೆ, ಜಾಹೀರಾತು ಸೇರಿ ಒಂದು ಪುಟದಷ್ಟು ಜಾಗ ತಿಂದಿದ್ದರೆ 7,392ಕ್ಕೆ ಇಳಿದು ಸಣ್ಣಕಥೆಯಾಗುತ್ತದೆ. ಗಡಿಯಿಂದ ಶೇ. 20ರೊಳಗಿನ ಕಥೆಯನ್ನು ಸಮಿತಿ ಪಕ್ಕದ ವಿಭಾಗಕ್ಕೆ ಸರಿಸಬಹುದು.

ಪ್ರಶ್ನೆ: ಇಷ್ಟು ತಡವಾಗಿ ಕೊಡುವುದರಲ್ಲಿ ಅರ್ಥವಿದೆಯೇ?

50 ವರ್ಷಕ್ಕೆ ಕೊಟ್ಟದ್ದರಲ್ಲಿ ಖಂಡಿತ ಇತ್ತು. 1996ರಲ್ಲಿ ಹಾಲ್ ಕ್ಲೆಮೆಂಟ್, 2001ರಲ್ಲಿ ಡೇಮನ್ ನೈಟ್, 2004ರಲ್ಲಿ ಬ್ರಾಡ್‌ಬರಿ ಮತ್ತು ಕ್ಲಾರ್ಕ್ ಗೆದ್ದಾಗ ಬದುಕಿದ್ದರು. 2014ರಿಂದ 75 ವರ್ಷದ ಲೆಕ್ಕ ಹಿಡಿದ ಮೇಲೆ ಕಥೆ-ಕಾದಂಬರಿ ವಿಭಾಗಗಳಲ್ಲಿ ಗೆದ್ದ ಒಬ್ಬರೂ ಉಳಿದಿರಲಿಲ್ಲ. ಓದಿ ಹಾಕುವ ಮತಕ್ಕಿಂತ ಹೆಸರು ನೋಡಿ ಹಾಕುವ ಮತ ಹೆಚ್ಚಾಯಿತೆಂಬುದು ನಮ್ಮ ಅಭಿಪ್ರಾಯ. ಸಂಪಾದಕ ವಿಭಾಗ ನೋಡಿ: 2014ರಿಂದ 2020ರವರೆಗೆ ಐದಕ್ಕೆ ಐದೂ ಸಲ ‘ಅಸ್ಟೌಂಡಿಂಗ್’ನ ಸಂಪಾದಕ ಜಾನ್ ಡಬ್ಲ್ಯು. ಕ್ಯಾಂಪ್‌ಬೆಲ್. ಅವರ ಜನಾಂಗೀಯ ನಿಲುವುಗಳ ವಿರುದ್ಧ ಪ್ರತಿಭಟನೆ ಎದ್ದು 2019ರಲ್ಲಿ ಹೊಸ ಲೇಖಕರ ಪ್ರಶಸ್ತಿಯಿಂದ ಅವರ ಹೆಸರು ತೆಗೆದರು. ಮರುವರ್ಷವೇ ಮತ್ತೆ ರೆಟ್ರೋ ಕೊಟ್ಟರು. ಆದರೆ ಅದೇ 2020ರಲ್ಲಿ ಲೀ ಬ್ರ್ಯಾಕೆಟ್ ಅವರ ‘ಶ್ಯಾಡೋ ಓವರ್ ಮಾರ್ಸ್’ಗೆ ಕಾದಂಬರಿ ಪ್ರಶಸ್ತಿ ಬಂತು. ಮರೆತ ಪುಸ್ತಕವೊಂದನ್ನು ಜನ ಮತ್ತೆ ಕೈಗೆತ್ತಿಕೊಳ್ಳುವಂತಾಗುವುದು ಸಣ್ಣ ಲಾಭವಲ್ಲ.

ಪ್ರಶ್ನೆ: ಕನ್ನಡದ ಹಳೆಯ ವೈಜ್ಞಾನಿಕ ಕಥೆಗೆ ಹ್ಯೂಗೋದಲ್ಲಿ ಜಾಗವಿದೆಯೇ?

ಇದೆ. ಭಾಷೆಯ ನಿರ್ಬಂಧವಿಲ್ಲ. ಮತದಾರರು ಕನ್ನಡ ಓದಲಾರರು ಎಂಬುದೇ ತೊಡಕು. ಆದರೆ ಬೇರೆ ಭಾಷೆಯ ಕೃತಿ ಮೊದಲ ಸಲ ಇಂಗ್ಲಿಷಿಗೆ ಅನುವಾದವಾಗಿ ಪ್ರಕಟವಾದ ವರ್ಷ ಮತ್ತೊಮ್ಮೆ ಅರ್ಹವಾಗುತ್ತದೆ, ಅದೂ ಮಾಮೂಲಿ ಹ್ಯೂಗೋಗೆ. ಅನುವಾದಕರು ಮುದ್ರಣ ವಿವರದ ಪುಟದಲ್ಲಿ ಮೂಲ ಪ್ರಕಟಣೆಯ ವರ್ಷವನ್ನೂ, ಇದು ಮೊದಲ ಇಂಗ್ಲಿಷ್ ಅನುವಾದ ಎಂಬ ಮಾತನ್ನೂ ಅಚ್ಚು ಹಾಕಿಸಲಿ. ಇಲ್ಲವಾದರೆ ಅರ್ಹತೆಯನ್ನು ರುಜುವಾತು ಮಾಡುವುದು ಕಷ್ಟ.