ಮಾವನವರಿಗೆ ನನ್ನ ಓದು ಬೇಡ, ಏನು ಮಾಡಲಿ?

ಪ್ರಶ್ನೆ: ಕೃಷಿ ಡಿಪ್ಲೊಮಾ ಮುಗಿಸಿ ಕೊಪ್ಪದ ಹತ್ತಿರ ಅಡಿಕೆ ತೋಟದ ಮನೆಗೆ ಸೊಸೆಯಾಗಿ ಬಂದಿದ್ದೇನೆ. ಮಾವ ಬೋರ್ಡೋಗೆ (ಕೊಳೆರೋಗ ತಡೆಯಲು ಹೊಡೆಯುವ ತುತ್ತ-ಸುಣ್ಣದ ಮದ್ದು) ಸುಣ್ಣವನ್ನು ಕಣ್ಣಳತೆಯಲ್ಲಿ ಹಾಕಿಸುತ್ತಾರೆ. ಮಳೆ ಬಂದು ಉಳಿದ ಮದ್ದನ್ನು ಮರುದಿನ ಹೊಡೆಸುತ್ತಾರೆ. ಕೊಳೆರೋಗ ಬಂದು ಕಾಯಿ ಉದುರುತ್ತಿದೆ. ಬಾಯಿ ತೆರೆದರೆ ‘ಪುಸ್ತಕದ ಬದನೆಕಾಯಿ’ ಅನ್ನುತ್ತಾರೆ. ಸುಮ್ಮನಿದ್ದುಬಿಡಲೇ?

ಉತ್ತರ: ಸುಮ್ಮನಿರಬೇಡಿ. ನೀವು ಗುರುತಿಸಿದ ಎರಡೂ ನಿಜವಾದ ತಪ್ಪುಗಳು. ಆದರೆ ಮರ ಹತ್ತಿ ಮದ್ದು ಹೊಡೆಯುವ ಕೊನೆಗಾರನ ಎದುರು ಮಾವನವರನ್ನು ತಿದ್ದಲು ಹೋಗಬೇಡಿ. ಆಗ ಮಾತು ಮದ್ದಿನದ್ದಾಗಿ ಉಳಿಯುವುದಿಲ್ಲ, ಮರ್ಯಾದೆಯದ್ದಾಗುತ್ತದೆ. ಮದ್ದು ಹೊಡೆಸುವ ಹಿಂದಿನ ದಿನ ಊಟವಾದ ಮೇಲೆ ಕೇಳಿ: “ಮಾವ, ಈ ಸಲ ಒಂದು ಡ್ರಮ್ ಮದ್ದು ನಾನು ಕಲಸಲಾ?” ಅಷ್ಟೇ ಸಾಕು. ಗೊಬ್ಬರ, ಬಸಿಗಾಲುವೆ ಎಲ್ಲ ಮುಂದಿನ ವರ್ಷಕ್ಕಿರಲಿ.

ನೂರು ಲೀಟರ್ ಮದ್ದಿಗೆ ಮೈಲುತುತ್ತ (ತಾಮ್ರದ ಸಲ್ಫೇಟ್) 1 ಕೆಜಿ, ಸುಡುಸುಣ್ಣ 1 ಕೆಜಿ. ಎರಡನ್ನೂ ತೂಕ ಮಾಡಿ, ತಲಾ 50 ಲೀಟರ್ ನೀರಿನಲ್ಲಿ ಬೇರೆಬೇರೆಯಾಗಿ, ಪ್ಲಾಸ್ಟಿಕ್ ಡ್ರಮ್ಮಿನಲ್ಲೇ ಕರಗಿಸಿ. ಕಬ್ಬಿಣದ ಪಾತ್ರೆಯನ್ನು ತುತ್ತ ತಿನ್ನುತ್ತದೆ. ಸುಣ್ಣದ ನೀರನ್ನು ಸೋಸಿ, ಅದಕ್ಕೆ ತುತ್ತದ ನೀರನ್ನು ನಿಧಾನ ಸುರಿಯುತ್ತ ಕಲಕಿ. ಗಾಳಿಗೆ ಬಿಟ್ಟ ಹಳೇ ಸುಣ್ಣಕ್ಕೆ ಸತ್ವವಿರುವುದಿಲ್ಲ, ಕಣ್ಣಳತೆ ಕೈಕೊಡುವುದು ಇಲ್ಲೇ. ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ನೋಡಿ. ಕೆಂಪು ಲೇಪ ಕಂಡರೆ ತಾಮ್ರ ಇನ್ನೂ ಬಿಡಿಯಾಗಿದೆ ಎಂದರ್ಥ, ಎಳೆಕಾಯಿ ಸುಡುತ್ತದೆ. ಲೇಪ ನಿಲ್ಲುವವರೆಗೆ ಸುಣ್ಣದ ನೀರು ಸೇರಿಸಿ. ಸ್ಟೇನ್‌ಲೆಸ್ ಚಾಕುವನ್ನು ನೆಚ್ಚಬೇಡಿ. ಈ ಪರೀಕ್ಷೆಯನ್ನು ಮಾವನವರ ಕೈಯಲ್ಲೇ ಮಾಡಿಸಿ. ನಿಮ್ಮ ಮಾತಿಗಿಂತ ಅವರ ಕಣ್ಣಿಗೆ ಕಂಡದ್ದು ಗಟ್ಟಿ.

ಕಲಸಿದ ಮದ್ದು ಅಂದೇ ಮುಗಿಯಬೇಕು. ರಾತ್ರಿ ಕಳೆದರೆ ಕಣಗಳು ಗಂಟುಗಟ್ಟಿ ತಳಕ್ಕಿಳಿಯುತ್ತವೆ, ಕಾಯಿಗೆ ಅಂಟುವುದಿಲ್ಲ, ನಳಿಕೆಯೂ ಕಟ್ಟುತ್ತದೆ. ಮೋಡ ಕಂಡರೆ 20 ಲೀಟರ್‌ನಂತೆ ಕಲಸಿ: ತುತ್ತ 200 ಗ್ರಾಂ, ಸುಣ್ಣ 200 ಗ್ರಾಂ.

ಕೊಳೆ ಮೊದಲು ಕಾಣುವ ಮೂಲೆ ಯಾವುದೆಂದು ಮಾವನವರನ್ನೇ ಕೇಳಿ. ಅದು ನಿಮ್ಮ ಡಿಪ್ಲೊಮಾದಲ್ಲಿ ಇಲ್ಲ, ಅವರಿಗೆ ಗೊತ್ತು. ಅಲ್ಲೇ ಅಕ್ಕಪಕ್ಕದ ಎರಡು ಸಾಲಿನಲ್ಲಿ ಹತ್ತುಹತ್ತು ಮರಕ್ಕೆ ಬಣ್ಣ ಬಳಿದು ಒಂದು ಸಾಲಿಗೆ ನಿಮ್ಮ ಮದ್ದು, ಇನ್ನೊಂದಕ್ಕೆ ಅವರದ್ದು, ಒಂದೇ ದಿನ ಹೊಡೆಸಿ. ತಗ್ಗು ಜಾಗವನ್ನು ದಿಣ್ಣೆಗೆ ಹೋಲಿಸಿದರೆ ಲೆಕ್ಕ ಸುಳ್ಳಾಗುತ್ತದೆ. ವಾರಕ್ಕೊಮ್ಮೆ ಉದುರಿದ ಕೊಳೆಕಾಯಿ ಎಣಿಸಿ ಬರೆದಿಡಿ, ಹೆಕ್ಕಿ ತೋಟದಿಂದ ಹೊರಗೆ ಹಾಕಿ. 40–45 ದಿನಕ್ಕೆ ಎರಡನೇ ಸಲ ಮದ್ದು ಹೊಡೆಸುವ ಮೊದಲು ಆ ಲೆಕ್ಕವನ್ನು, ವ್ಯತ್ಯಾಸ ಚಿಕ್ಕದಿದ್ದರೂ, ಇದ್ದ ಹಾಗೇ ಅವರ ಮುಂದಿಡಿ. ಮುಂದಿನ ಡ್ರಮ್ಮಿಗೆ ತಕ್ಕಡಿ ತರುವುದೋ ಬೇಡವೋ ಅವರೇ ಹೇಳಲಿ.