ಪಿಸುಮಾತು ಯಾವ ದಾರಿಯಲ್ಲಿ ಹೋಗುತ್ತದೆ?

ವಿಜಯಪುರದಿಂದ ಪಿಯುಸಿ ವಿದ್ಯಾರ್ಥಿನಿಯೊಬ್ಬಳು ಬರೆದಿದ್ದಾಳೆ: "ವಿಜ್ಞಾನಿಗಳು ಮೊದಲು ಊಹೆ ಮಾಡಿಕೊಂಡು, ಆಮೇಲೆ ಪ್ರಯೋಗ ಮಾಡುತ್ತಾರೆ ಅಂತ ಓದಿದೆ. ಮನಸ್ಸಿನಲ್ಲಿ ಉತ್ತರ ಇಟ್ಟುಕೊಂಡೇ ಹುಡುಕಿದರೆ ಅದೇ ಸಿಗುತ್ತದೆ ಅಲ್ವಾ? ಅಂಥ ಸಿದ್ಧಾಂತವನ್ನು ಯಾಕೆ ನಂಬಬೇಕು?"

ತಂಗಿ, ನಿನ್ನ ಅನುಮಾನ ನ್ಯಾಯವಾದದ್ದು. ತನ್ನ ಊಹೆಗೆ ಒಪ್ಪುವ ಸಾಕ್ಷಿಯನ್ನಷ್ಟೇ ಹುಡುಕುವವರನ್ನು ನಂಬಬೇಕಿಲ್ಲ. ಆದರೆ ಒಳ್ಳೆಯ ಪ್ರಯೋಗ ಊಹೆಯನ್ನು ಕಾಪಾಡುವುದಿಲ್ಲ, ಬೀಳಿಸಲು ನೋಡುತ್ತದೆ. ಉದಾಹರಣೆಗೆ ದೂರ ಹೋಗುವುದು ಬೇಡ, ನಿಮ್ಮೂರ ಗೋಳಗುಮ್ಮಟವೇ ಇದೆ.

ಮೇಲಿನ ಗ್ಯಾಲರಿಯಲ್ಲಿ ಒಬ್ಬರು ಗೋಡೆಯ ಹತ್ತಿರ ಪಿಸುಗುಟ್ಟಿದರೆ, ಸುಮಾರು 124 ಅಡಿ ಆಚೆ ಎದುರು ಬದಿಯಲ್ಲಿ ನಿಂತವರಿಗೆ ಕಿವಿಯಲ್ಲೇ ಹೇಳಿದಷ್ಟು ಸ್ಪಷ್ಟ. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನಲ್ಲೂ ಇದೇ ಅಚ್ಚರಿ. ಯಾಕೆ ಹೀಗೆ? ಗುಮ್ಮಟಕ್ಕೆ ತಾಗಿ ಮರಳುವ ಸದ್ದು ಎದುರಿನ ಒಂದು ಜಾಗದಲ್ಲಿ ಒಟ್ಟುಗೂಡುತ್ತದೆ ಎಂದರು ಖಗೋಳ ವಿಜ್ಞಾನಿ ಜಾರ್ಜ್ ಏರಿ. ಭೌತವಿಜ್ಞಾನಿ ಲಾರ್ಡ್ ರೇಲಿ ಒಪ್ಪಲಿಲ್ಲ. ಸದ್ದು ಬಾಗಿದ ಗೋಡೆಯನ್ನೇ ಹಿಡಿದುಕೊಂಡು ಸುತ್ತುತ್ತದೆ ಎಂದರು.

ಈಗ ನೋಡು. ಎದುರು ಬದಿಯಲ್ಲಿ ನಿಂತು ಕೇಳಿದರೆ ಎರಡೂ ಊಹೆ ಪಾಸಾಗುತ್ತವೆ. ಸಾವಿರ ಸಲ ಕೇಳಿದರೂ ಏನೂ ತೀರ್ಮಾನವಾಗದು. ಎರಡೂ ಬೇರೆ ಬೇರೆ ಮಾತು ಹೇಳುವ ಜಾಗವನ್ನು ಹುಡುಕಬೇಕು. ವಿಜ್ಞಾನದ ಜಾಣತನವೆಲ್ಲ ಇರುವುದು ಈ ಹುಡುಕಾಟದಲ್ಲಿ ಎಂದು ನನ್ನ ನಂಬಿಕೆ. ಏರಿ ಹೇಳಿದ್ದು ಸರಿಯಾದರೆ ಪಿಸುಮಾತು ಎದುರಿನ ಜಾಗದಲ್ಲಿ ಮಾತ್ರ ಜೋರಾಗಿ ಕೇಳಬೇಕು. ರೇಲಿ ಸರಿಯಾದರೆ ಗೋಡೆಯುದ್ದಕ್ಕೂ ಕೇಳಬೇಕು, ಗೋಡೆ ಬಿಟ್ಟು ಒಳಕ್ಕೆ ಸರಿದರೆ ಕ್ಷೀಣಿಸಬೇಕು. ಸೇಂಟ್ ಪಾಲ್ಸ್‌ನಲ್ಲಿ ಅದು ಗೋಡೆಯುದ್ದಕ್ಕೂ ಕೇಳಿತು.

ರೇಲಿ ಅಷ್ಟಕ್ಕೇ ಬಿಡಲಿಲ್ಲ. ಸತುವಿನ ತಗಡನ್ನು ಅರ್ಧ ವೃತ್ತಕ್ಕೆ ಬಗ್ಗಿಸಿ ಪುಟ್ಟ ಗ್ಯಾಲರಿ ಮಾಡಿಕೊಂಡರು. ಒಂದು ತುದಿಯಲ್ಲಿ ಹಕ್ಕಿಯ ಕೂಗಿನಂಥ ತೀರಾ ಕೀಚಲು ಸೀಟಿ. ಇನ್ನೊಂದು ತುದಿಯಲ್ಲಿ ಸಣ್ಣ ಸದ್ದಿಗೂ ಬೆದರಿ ಕುಗ್ಗುವ ಗ್ಯಾಸ್ ಜ್ವಾಲೆ. ಸೀಟಿ ಊದಿದೊಡನೆ ಜ್ವಾಲೆ ಕುಗ್ಗಿತು. ಆಮೇಲೆ ನಡುವೆ ಒಂದು ಕಡೆ, ತಗಡಿನ ಒಳಮೈಗೆ ಒಂದು ಕಿರಿದಾದ ಪಟ್ಟಿಯನ್ನು ಅಡ್ಡ ಇಟ್ಟರು. ಸೀಟಿಯಿಂದ ಜ್ವಾಲೆಗೆ ನೇರ ದಾರಿ ಪೂರ್ತಿ ತೆರೆದೇ ಇತ್ತು. ಆದರೂ ಜ್ವಾಲೆ ಸುಮ್ಮನಾಯಿತು! ಸದ್ದು ಬರುತ್ತಿದ್ದದ್ದು ತಗಡಿನ ಮೈ ಹಿಡಿದೇ. ಪಟ್ಟಿ ಇಟ್ಟ ಮೇಲೂ ಜ್ವಾಲೆ ಮೊದಲಿನಂತೆ ಕುಗ್ಗಿದ್ದರೆ ರೇಲಿಯ ಊಹೆ ಅಲ್ಲಿಗೇ ಮುಗಿಯುತ್ತಿತ್ತು. ತನ್ನ ಊಹೆ ಬೀಳುವ ಗುಂಡಿಯನ್ನು ಅವರೇ ತೋಡಿದ್ದರು.

1910ರಲ್ಲಿ ಅವರು ಇದಕ್ಕೆ ಪೂರ್ತಿ ಗಣಿತ ಕೊಟ್ಟರು. ಆಗ ಇದು ಬರೀ ಊಹೆಯಾಗಿ ಉಳಿಯಲಿಲ್ಲ. ಕೀಚಲು ಸದ್ದು ಗೋಡೆಗೆ ಯಾಕೆ ಜಾಸ್ತಿ ಅಂಟಿಕೊಳ್ಳುತ್ತದೆ ಎಂಬುದಕ್ಕೂ ಅದರಲ್ಲಿ ಉತ್ತರವಿತ್ತು. ಆದರೂ ಪರೀಕ್ಷೆ ನಿಲ್ಲಲಿಲ್ಲ. 1921ರಲ್ಲಿ ನಮ್ಮ ಸಿ.ವಿ. ರಾಮನ್ ಸದರ್ಲ್ಯಾಂಡ್ ಎಂಬವರ ಜೊತೆ ಸೇಂಟ್ ಪಾಲ್ಸ್‌ನಲ್ಲಿ ಅಳೆದು ನೋಡಿದರು. ಗೋಡೆಯಿಂದ ದೂರ ಸರಿದಂತೆ ಸದ್ದು ಒಂದೇ ಸಮನೆ ಇಳಿಯದೆ ಏರಿಳಿಯುತ್ತಿತ್ತು. ರೇಲಿಯ ಲೆಕ್ಕದಲ್ಲಿ ಇದು ಇರಲಿಲ್ಲ. ಮೂಲ ಮಾತು ಉಳಿಯಿತು, ಲೆಕ್ಕ ಇನ್ನಷ್ಟು ಬೆಳೆಯಬೇಕಾಯಿತು. ಆಮೇಲೆ ರಾಮನ್ ಭಾರತದ ಇಂಥ ಕಟ್ಟಡಗಳನ್ನೂ ಪರೀಕ್ಷಿಸಿ ಬರೆದರು. ಅವುಗಳಲ್ಲಿ ನಿಮ್ಮ ಗೋಳಗುಮ್ಮಟವೂ ಒಂದು. ಈ ಸಂಗತಿ ನಿಮ್ಮ ಜಿಲ್ಲೆಯ ಪ್ರತಿ ಮಗುವಿಗೂ ಗೊತ್ತಿರಬೇಕು ಎಂದು ನನ್ನಾಸೆ.

ನಾನು ಬರೆದದ್ದನ್ನೂ ಸುಮ್ನೆ ನಂಬಬೇಡ. ಗದ್ದಲ ಶುರುವಾಗುವ ಮೊದಲು, ಬೆಳಗ್ಗೆ ಬೇಗ ಗೆಳತಿಯರ ಜೊತೆ ಹೋಗು. ಒಬ್ಬಳು ಪಿಸುಗುಟ್ಟಲಿ, ಒಬ್ಬಳು ಎದುರು ನಿಲ್ಲಲಿ, ಇನ್ನೊಬ್ಬಳು ಕಾಲು ಸುತ್ತಿನಲ್ಲಿ ಗೋಡೆಗೆ ಕಿವಿ ಕೊಡಲಿ. ಅವಳೇ ಆಮೇಲೆ ಗೋಡೆ ಬಿಟ್ಟು ಎರಡು ಹೆಜ್ಜೆ ಈಚೆ ಬರಲಿ. ಎಲ್ಲಿ ಏನು ಕೇಳಬೇಕು ಎಂಬುದನ್ನು ಹತ್ತುವ ಮೊದಲೇ ನೋಟ್‌ಬುಕ್ಕಿನಲ್ಲಿ ಬರೆದಿಡು, ಆಮೇಲೆ ತಿದ್ದಬೇಡ. ಕೇಳಿದ್ದನ್ನು ಪಕ್ಕದಲ್ಲೇ ಬರೆದು ನಮಗೆ ಕಳಿಸು. ನಾನು ಹೇಳಿದ್ದಕ್ಕೆ ಹೊಂದದಿದ್ದರೂ ಅಚ್ಚು ಹಾಕುತ್ತೇವೆ.

– ಸಂ.